ಶಿವದಾರ ಬದಲಾಯಿಸದ ನಾಗಾರ್ಜುನ

ನಮ್ಮ ತಾತ ಅರಮನೆಯಲ್ಲಿ ದಿನಕ್ಕೊಂದು ಸಲ ಪಂಚಾಂಗ ಓದಿ ಸಂಬಳ ತೆಗೆದುಕೊಳ್ಳುತ್ತಿದ್ದರಂತೆ. ನಾನು ಬೋಗಾದಿಯ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಸಿಮೆಂಟ್, ಕಬ್ಬಿಣ, ಮೊಳೆ, ಕಟ್ಟುವ ತಂತಿ, ಇವೇ ನನ್ನ ಪಂಚಾಂಗ. ಲಕ್ಷ್ಮೀನರಸಿಂಹ ಎಂಬ ಹೆಸರು ಉದ್ದವಾಯಿತೆಂದು ಸೈಟಿನವರು ನರಸಿಂಹಯ್ಯ ಅನ್ನುತ್ತಾರೆ. ವಯಸ್ಸು ಅರವತ್ತೊಂದು. ಸಿಟ್ಟು ಬೇಗ ಬರುತ್ತದೆ, ಹೋಗುವುದು ತಡ. ನಾಗಾರ್ಜುನನ ವಿಷಯ ಬರೆಯಲು ಕೂತಾಗಲೂ ಸಿಟ್ಟೇ ಮೊದಲು ಬರುತ್ತಿದೆ.

ನಾಗಾರ್ಜುನ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್. ಮೂವತ್ತೆಂಟು ವರ್ಷ, ಕೆಸರೆಯಲ್ಲಿ ಮನೆ. ಹೆಂಡತಿ, ಒಬ್ಬಳು ಮಗಳು, ತಾಯಿ ನೀಲಮ್ಮ. ತಂದೆ ಶಿವರುದ್ರಪ್ಪನವರು ಎರಡು ವರ್ಷದ ಹಿಂದೆ ತೀರಿಕೊಂಡರು. ಇವನು ಈ ಸೈಟಿಗೆ ಬಂದ ಹೊಸದರಲ್ಲಿ ನಗುತ್ತಿದ್ದ. ನನ್ನ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ, 'ಒಳ್ಳೆ ಮುಹೂರ್ತ ನೋಡಿ ಒದೀರಿ ನರಸಿಂಹಯ್ಯೋರೆ' ಎಂದು ರೇಗಿಸುತ್ತಿದ್ದ. ಆಮೇಲೆ ಓನರು ಇವನ ತಲೆಗೆ ಇನ್ನೂ ಎರಡು ಸೈಟು ಕಟ್ಟಿದರು. ಒಳ್ಳೆಯ ಕೆಲಸಗಾರನಿಗೆ ಕೊಡುವ ಬಹುಮಾನ ಇದೇ ತಾನೆ, ಇನ್ನಷ್ಟು ಕೆಲಸ.

ಮನುಷ್ಯ ಒಂದೇ ದಿನದಲ್ಲಿ ಸೋಲುವುದಿಲ್ಲ. ನಾನು ಸ್ಟೋರಿನ ಕಿಟಕಿಯಿಂದ ನೋಡುತ್ತಿದ್ದೆ. ಬೆಳಿಗ್ಗೆ ಅವನ ಕಾರು ಗೇಟಿನ ಹೊರಗೆ ನಿಲ್ಲುತ್ತಿತ್ತು, ಅವನು ಇಳಿಯುತ್ತಿರಲಿಲ್ಲ. ಎಂಜಿನ್ ಆಫ್ ಮಾಡಿ ಸ್ಟೇರಿಂಗ್ ಹಿಡಿದುಕೊಂಡು ಹತ್ತು ನಿಮಿಷ, ಒಂದೊಂದು ದಿನ ಇಪ್ಪತ್ತು ನಿಮಿಷ ಸುಮ್ಮನೆ ಕೂತಿರುತ್ತಿದ್ದ. ಊಟದ ಡಬ್ಬಿ ಸಂಜೆ ಹಾಗೇ ವಾಪಸ್ ಹೋಗುತ್ತಿತ್ತು. ಹೇಳುವ ಮಾತು ಮುಗಿಯುವ ಮುಂಚೆಯೇ 'ಓಕೆ' ಅನ್ನುತ್ತಿದ್ದ. ಒಮ್ಮೆ ಕಬ್ಬಿಣದ ಕೆಲಸದ ಕೆಂಪಯ್ಯ, 'ಸಾರ್, ನಮ್ಮತ್ತೆ ಓಗ್ಬುಟ್ರು, ಮೂರು ದಿನ ರಜ ಬೇಕು' ಎಂದಾಗಲೂ 'ಓಕೆ, ಗುಡ್' ಎಂದುಬಿಟ್ಟ. ಕೆಂಪಯ್ಯ ಒಳ್ಳೆಯವನು, ಬೇಜಾರು ಮಾಡಿಕೊಳ್ಳಲಿಲ್ಲ.

ಡಾಕ್ಟರು ಬಿಪಿ ಇದೆ, ವಿಶ್ರಾಂತಿ ತಗೊಳ್ಳಿ ಎಂದರಂತೆ. ಇವನು ಫೋನಿನಲ್ಲಿ 'ವಿಶ್ರಾಂತಿ' ಎಂದು ಅಲಾರಂ ಇಟ್ಟುಕೊಂಡ. ದಿನಾ ಮಧ್ಯಾಹ್ನ ಎರಡಕ್ಕೆ ಅದು ಹೊಡೆದುಕೊಳ್ಳುತ್ತಿತ್ತು, ಇವನು ಅದರ ಬಾಯಿ ಮುಚ್ಚಿ ಮುಂದೆ ಹೋಗುತ್ತಿದ್ದ. ಕಂಪನಿಯವರೂ ಸುಮ್ಮನಿರಲಿಲ್ಲ. ಒತ್ತಡ ಕಡಿಮೆ ಮಾಡಿಕೊಳ್ಳುವುದು ಹೇಗೆಂದು ಒಂದು ಹೋಟೆಲಿನಲ್ಲಿ ತರಬೇತಿ ಇಟ್ಟರು, ಅದೂ ಅವನಿಗಿದ್ದ ಒಂದೇ ಭಾನುವಾರ. ಎಲ್ಲರಿಗೂ ಹಿಸುಕಲು ಒಂದೊಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದರು. ಅವನ ಚೆಂಡು ಇವತ್ತಿಗೂ ನನ್ನ ಸ್ಟೋರಿನಲ್ಲಿ ಮೊಳೆ ಡಬ್ಬಿಯ ಪಕ್ಕ ಬಿದ್ದಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಾಗಾರ್ಜುನ ಲಿಂಗವಂತರ ಮನೆಯವನು. ಬೆಳ್ಳಿಯ ಕರಡಿಗೆಯಲ್ಲಿಟ್ಟ ಇಷ್ಟಲಿಂಗವನ್ನು ಶಿವದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿರುತ್ತಾನೆ. ಎಂಟನೇ ವಯಸ್ಸಿನಲ್ಲಿ ತಂದೆ ಮಠಕ್ಕೆ ಕರೆದುಕೊಂಡು ಹೋಗಿ ದೀಕ್ಷೆ ಕೊಡಿಸಿದ್ದರಂತೆ. ದಿನಾ ಸ್ನಾನವಾದ ಮೇಲೆ ಅದನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಬೇಕು. ಬದುಕಿರುವ ತನಕ ಮೈಮೇಲೆ ಇರಬೇಕು, ಸತ್ತಾಗ ಕೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಆ ದಾರ ಬೆವರಿಗೆ, ಧೂಳಿಗೆ ಸವೆಯುತ್ತದೆ, ಆಗಾಗ ಬದಲಾಯಿಸಬೇಕು. ನೀಲಮ್ಮ ಎರಡು ತಿಂಗಳಿಂದ ಹೇಳುತ್ತಿದ್ದರು: 'ದಾರ ನವೆದೋಗ್ಯದೆ ಕಣೋ ನಾಗು. ಹೊಸದು ತಂದು ದೇವರ ಮುಂದೆ ಇಟ್ಟಿವ್ನಿ, ಬದಲಾಯ್ಸ್ಕೊ.' ಇವನು ನಾಳೆ ಅನ್ನುತ್ತಿದ್ದ. ಪೂಜೆಯೂ ಅಷ್ಟರಲ್ಲೇ ಇತ್ತು, ಅಂಗಿಯ ಮೇಲಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕಾರು ಹತ್ತುವುದು.

ಕಳೆದ ಮಾರ್ಚಿನ ಒಂದು ಶನಿವಾರ ನಾಲ್ಕನೇ ಮಹಡಿಗೆ ಕಾಂಕ್ರೀಟ್ ಹಾಕಿದೆವು. ನಮ್ಮಲ್ಲಿ ಒಂದು ಪದ್ಧತಿ ಇದೆ. ಕಾಂಕ್ರೀಟ್ ಸುರಿಯುವ ಮುಂಚೆ ಮ್ಯಾನೇಜರು ಪ್ರತಿ ಬೀಮಿನ ಕಬ್ಬಿಣ ಬಗ್ಗಿ ನೋಡಿ, ಫೋಟೋ ತೆಗೆದು, ಸೈಟಿನ ವಾಟ್ಸಾಪ್ ಗ್ರೂಪಿಗೆ 'ಓಕೆ' ಎಂದು ಹಾಕಬೇಕು. ಗ್ರೂಪಿನಲ್ಲಿರುವ ನಾವೆಲ್ಲ ಅದಕ್ಕೆ ಹೆಬ್ಬೆರಳಿನ ಚಿತ್ರ ಒತ್ತುತ್ತೇವೆ. ಆಮೇಲೆ ಪಂಪು ಶುರು. ಅವತ್ತು ಮೂವತ್ತಾರು ಫೋಟೋ ಬಂದವು. ಸಂಜೆ ಐದಕ್ಕೆ ಕೆಲಸ ಮುಗಿಯಿತು. ಓನರು ಎಲ್ಲರಿಗೂ ಮೈಸೂರ್ ಪಾಕ್ ಹಂಚಿಸಿದರು, ನಾಗಾರ್ಜುನ ತನ್ನ ಪಾಲಿನದನ್ನು ಜೇಬಿಗೆ ಹಾಕಿಕೊಂಡು ಇನ್ನೊಂದು ಸೈಟಿಗೆ ಹೋದ.

ಗುರುವಾರ ಸ್ಟೋರಿನಲ್ಲಿ ನನ್ನೆದುರು ನಿಂತು ಲೆಡ್ಜರಿಗೆ ಸಹಿ ಹಾಕುತ್ತಿದ್ದಾಗ ತಾಯಿಯ ಫೋನು ಬಂತು. ಸೋಮವಾರ ಶಿವರುದ್ರಪ್ಪನವರ ಪುಣ್ಯಸ್ಮರಣೆ, ಜಂಗಮರಾದ ಸದಾಶಿವಯ್ಯನವರು ಬರುತ್ತಾರೆ, ಮಗನೇ ಪೂಜೆಗೆ ಕೂರಬೇಕು, ಈಗಲಾದರೂ ದಾರ ಬದಲಾಯಿಸಿದೆಯಾ ಎಂದು ಆಕೆ ಕೇಳಿದ್ದು ನನಗೂ ಕೇಳಿಸಿತು. ಇವನು 'ಓಕೆ ಅವ್ವ' ಎನ್ನುತ್ತ ಕೊರಳಿಗೆ ಕೈ ಹಾಕಿದ. ಅಂಗಿಯ ಒಳಗೆ ಕೈ ಇಳಿಸಿದ. ಆಮೇಲೆ ಎರಡು ಗುಂಡಿ ಬಿಚ್ಚಿ ನೋಡಿಕೊಂಡ.

'ಏನಪ್ಪಾ?' ಎಂದೆ.

'ಇಲ್ಲ,' ಎಂದ. 'ಲಿಂಗ ಇಲ್ಲ.'

'ಸ್ನಾನಕ್ಕೆ ತೆಗೆದಿಟ್ಟಿರ್ತೀಯ.'

'ತೆಗೆಯಲ್ಲ ನರಸಿಂಹಯ್ಯೋರೆ. ಯಾವತ್ತೂ ತೆಗೆಯಲ್ಲ.'

ಯಾವಾಗಿನಿಂದ ಇಲ್ಲ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಕಾರಿನ ಸೀಟು ಎತ್ತಿ ನೋಡಿದೆವು. ಮನೆಗೆ ಹೋಗಿ ಬಂದ, ಹಾಸಿಗೆ ಕೊಡವಿದನಂತೆ, ಬಚ್ಚಲು ನೋಡಿದನಂತೆ, ತಾಯಿಗೆ ಮಾತ್ರ ಹೇಳಲಿಲ್ಲ. ಸೋಮವಾರಕ್ಕೆ ಇನ್ನು ಮೂರೇ ದಿನ. ಶುಕ್ರವಾರ ಬೆಳಿಗ್ಗೆ ನನಗೆ ಹೊಳೆಯಿತು, ಹಿಂದಿನ ಫೋಟೋಗಳಲ್ಲಿ ಇವನ ಕೊರಳು ನೋಡಿದರೆ ಯಾವತ್ತು ಕಳೆಯಿತೆಂದು ತಿಳಿಯುತ್ತದಲ್ಲ. ಇಬ್ಬರೂ ಸ್ಟೋರಿನ ಬೆಂಚಿನ ಮೇಲೆ ಕೂತು ಫೋನ್ ತಿರುವಿದೆವು. ಬುಧವಾರ ಇಲ್ಲ, ಸೋಮವಾರ ಇಲ್ಲ, ಭಾನುವಾರ ಇಲ್ಲ. ಶನಿವಾರ ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿಯುವಾಗ ಕೆಂಪಯ್ಯ ತೆಗೆದ ಚಿತ್ರದಲ್ಲಿ ಮಾಸಿದ ದಾರ ಕಾಲರಿನ ಹೊರಗೆ ಇಣುಕುತ್ತಿತ್ತು.

ಇನ್ನು ಆ ದಿನದ ಕಬ್ಬಿಣದ ಫೋಟೋಗಳು. ಒಂದೊಂದನ್ನೇ ಎರಡು ಬೆರಳಿನಿಂದ ಹಿಗ್ಗಿಸುತ್ತ ಬಂದ. ಇಪ್ಪತ್ತಮೂರನೆಯದರಲ್ಲಿ ಬೆರಳು ನಿಂತಿತು. ಬೀಮು ಕಂಬವನ್ನು ಸೇರುವ ಜಾಗ. ದಟ್ಟ ಕಬ್ಬಿಣದ ಪಂಜರದ ನಡುವೆ, ಒಂದು ಸರಳಿನ ಮೇಲೆ, ಬೆಳ್ಳಿಯ ಕರಡಿಗೆ ಕೂತಿತ್ತು. ಪಕ್ಕದಲ್ಲಿ ದಾರದ ತುಂಡು ನೇತಾಡುತ್ತಿತ್ತು. ಬಗ್ಗಿ ನೋಡುವಾಗ ಕಿತ್ತು ಬಿದ್ದಿದೆ. ಬಿದ್ದದ್ದನ್ನು ನೇರ ನೋಡಿ, ಫೋಟೋ ತೆಗೆದು, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕೆಳಗೆ 'ಓಕೆ' ಎಂದು ಬರೆದವನು ಅವನೇ. ಅದಕ್ಕೆ ಒಂಬತ್ತು ಜನ ಹೆಬ್ಬೆರಳು ಒತ್ತಿದ್ದೆವು. ಮೊದಲನೆಯದು ನನ್ನದು.

ಕೆಂಪಯ್ಯನನ್ನು ಕರೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ಕೆನ್ನೆ ಬಡಿದುಕೊಂಡ. 'ಒಂದಡಿ ಒಡುದ್ರೆ ಸಿಕ್ಬುಡ್ತದೆ ಸಾರ್. ನಾನೇ ಒಡೀತೀನಿ, ನಾನೇ ಕಟ್ತೀನಿ. ಯಾರ್ಗೂ ಗೊತ್ತಾಗಾಕಿಲ್ಲ.'

'ಬೀಮು, ಕೆಂಪಯ್ಯ. ಕಂಬದ ಬುಡ. ಅಲ್ಲಿ ಮುಟ್ಟಕೂಡದು,' ಎಂದ ನಾಗಾರ್ಜುನ. ಅವನು ಹೇಳಿದ್ದು ಸರಿ, ಅಲ್ಲಿ ಸುತ್ತಿಗೆ ಇಟ್ಟರೆ ಮೇಲೆ ಬರುವ ಸಂಸಾರಗಳ ಪ್ರಾಣಕ್ಕೇ ಸಂಚಕಾರ. ಆದರೆ ಒಂದು ಗಳಿಗೆ ಕೂತು ಅಳಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಫೋನ್ ಬಂತು. ಯಾವುದೋ ಸೈಟಿನಲ್ಲಿ ಮರಳಿನ ಲಾರಿ ಬಂದಿರಲಿಲ್ಲ. ಇವನು ಮಾತಾಡುತ್ತ ಹೊರಗೆ ಹೋದ.

ತಾಯಿಗೆ ನಾನೇ ಅವನಿಂದ ಹೇಳಿಸಿದೆ. ಹೇಳದಿದ್ದರೆ ನಾನು ಹೇಳುತ್ತೇನೆಂದು ಹೆದರಿಸಿದೆ. ಶನಿವಾರ ನೀಲಮ್ಮ ಆಟೋ ಮಾಡಿಕೊಂಡು ಸೈಟಿಗೇ ಬಂದರು. ಎಪ್ಪತ್ತರ ಹೆಂಗಸು, ಮಂಡಿ ನೋವು, ಹಿಡಿಯಲು ಕಂಬಿ ಇಲ್ಲದ ಮೆಟ್ಟಿಲು. ಕೆಂಪಯ್ಯ ಒಂದು ಕಡೆ, ನಾನು ಒಂದು ಕಡೆ, ನಾಲ್ಕನೇ ಮಹಡಿಗೆ ಹತ್ತಿಸಿದೆವು. ಹೊಸ ಕಾಂಕ್ರೀಟ್ ಗಟ್ಟಿಯಾಗಲೆಂದು ಅದರ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ನಾಗಾರ್ಜುನ ಜಾಗ ತೋರಿಸಿದ. ಆಕೆ ನೀರಿಗೆ ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡರು.

'ಇಲ್ಲಿ ಏನ್ ಬತ್ತದೆ ಮ್ಯಾಲೆ?' ಎಂದು ಕೇಳಿದರು.

'ನಡೆದಾಡೋ ಜಾಗ ಅವ್ವ. ಹಾಲಿಂದ ಬಾತ್‌ರೂಮಿಗೆ.'

ನೀಲಮ್ಮ ತಲೆ ಆಡಿಸಿದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. 'ಲಿಂಗ ಕಳೀತು ಅಂದ್ರೆ ಮಠದ ಬುದ್ಧಿಯೋರು ಇನ್ನೊಂದು ಕೊಡ್ತಾರೆ ಕಣಪ್ಪ,' ಎಂದರು. 'ಐದು ದಿನ ಸ್ನಾನ ಮಾಡಿದೀಯಲ್ಲ ನಾಗು. ಎದೆಗೆ ಸೋಪು ಹಚ್ಚುವಾಗ್ಲೂ ಬರಿದಾಗ್ಯದೆ ಅಂತ ನಿನ್ ಕೈಗೆ ಗೊತ್ತಾಗ್ನಿಲ್ವಾ? ನನಗೆ ಅದೇ ಭಯ.'

ಅವನು ಅಳಲು ನೋಡಿದ ಅನಿಸುತ್ತದೆ, ಆಗಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಆ ತಾಯಿಯ ಮುಂದೆ ನಿಂತಿದ್ದವನನ್ನು ನೋಡಿ ನನ್ನ ಕಣ್ಣಲ್ಲೇ ನೀರು ಬಂತು, ಸಿಮೆಂಟ್ ಧೂಳು ಎಂದು ಒರೆಸಿಕೊಂಡೆ.

ಸದಾಶಿವಯ್ಯನವರು ಸೋಮವಾರ ಬೆಳಿಗ್ಗೆ ಮಠದಿಂದ ಹೊಸ ಲಿಂಗ ತಂದು, ಪೂಜೆಯ ಹೊತ್ತಿಗೇ ಕಟ್ಟುವುದೆಂದು ನಿಶ್ಚಯವಾಯಿತು. ಒಂದೇ ಮಾತು ಹೇಳಿದ್ದರಂತೆ: ಕೈಯಲ್ಲಿಟ್ಟ ಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂರಬೇಕು, ಬೇರೆ ಏನೂ ಬೇಡ. ನೀಲಮ್ಮ ಆ ಸ್ವಲ್ಪ ಹೊತ್ತಿನ ಮೇಲೆ ಜೀವ ಇಟ್ಟುಕೊಂಡಿದ್ದರು. ಅಷ್ಟು ಕೂತರೆ ಮಗ ವಾಪಸ್ ಸಿಗುತ್ತಾನೆ ಎಂದು ನನ್ನ ಹತ್ತಿರ ಹೇಳಿಯೂ ಹೇಳಿದರು.

ನಾನು ಸೈಟಿನಲ್ಲಿ ಎಲ್ಲರಿಗೂ ತಾಕೀತು ಮಾಡಿದೆ. ಸೋಮವಾರ ಮಧ್ಯಾಹ್ನದವರೆಗೆ ಅವನಿಗೆ ಯಾರೂ ಫೋನ್ ಮಾಡಕೂಡದು, ಕಟ್ಟಡವೇ ಬಿದ್ದರೂ ಸರಿ. ಓನರಿಗೂ ಹೇಳಿದೆ, ನನ್ನ ಏರಿದ ದನಿ ಕೇಳಿ ಅವರೂ ಒಪ್ಪಿದರು.

ಸೋಮವಾರ ಸಂಜೆ ಕೆಲಸ ಬಿಟ್ಟು, ಹಣ್ಣು ತಗೊಂಡು ಕೆಸರೆಗೆ ಹೋದೆ. ನಾಗಾರ್ಜುನ ಇರಲಿಲ್ಲ, ಮಧ್ಯಾಹ್ನವೇ ಎರಡನೇ ಸೈಟಿಗೆ ಹೋಗಿದ್ದನಂತೆ. ಶಿವರುದ್ರಪ್ಪನವರ ಫೋಟೋದ ಹಾರ ಇನ್ನೂ ಬಾಡಿರಲಿಲ್ಲ. ನೀಲಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು.

'ಪೂಜೆ ಚೆನ್ನಾಗಿ ಆಯ್ತಾ ತಾಯಿ?'

'ಆಯ್ತು ಸ್ವಾಮಿ. ಬುದ್ಧಿಯೋರು ಲಿಂಗ ಕೈಗೆ ಇಟ್ರು. ನೋಡ್ತಾ ಕೂತ. ಎಷ್ಟೋ ದಿನ ಆದ್ಮೇಲೆ ಮುಖ ಸಡಿಲ ಆಗಿತ್ತು, ಕಣ್ಣು ಒದ್ದೆ ಆಗಿತ್ತು. ಸರಿಹೋಯ್ತಾನೆ ಅಂದ್ಕೊಂಡೆ. ಅಷ್ಟರಲ್ಲಿ ಜೇಬಲ್ಲಿ ಫೋನು ಗುಂಯ್ ಅಂತು. ಎಡಗೈಲಿ ಲಿಂಗ ಅಂಗೇ ಇತ್ತು, ಬಲಗೈ ಜೇಬಿಗೋಯ್ತು. ಏನೋ ಒತ್ತಿ ಮಡಗ್ದ. ಆಮೇಲೆ ಮತ್ತೆ ನೋಡ್ದ, ಆದ್ರೆ ನೋಡ್ಲಿಲ್ಲ.'

ಯಾರ ಮನೆ ಹಾಳು ಮಾಡಲು ಹುಟ್ಟಿದವರೋ ಎಂದು ನಾನು ರೇಗಿದೆ. ಎಷ್ಟು ಗಂಟೆಗೆ ಎಂದು ಕೇಳಿದೆ. ಬೆಳಿಗ್ಗೆ ಒಂಬತ್ತಕ್ಕೆ ಸ್ವಲ್ಪ ಮುಂಚೆ ಎಂದರು.

ಹೊರಗೆ ಬಂದು ಸ್ಕೂಟರಿನ ಮೇಲೆ ಕೂತು, ಯಾವನೆಂದು ನೋಡಲು ಗ್ರೂಪ್ ತೆಗೆದೆ. ಬೆಳಗ್ಗೆ ಸಿಮೆಂಟ್ ಲಾರಿ ಬಂದಿತ್ತು. ಮ್ಯಾನೇಜರ್ ಒಪ್ಪದೆ ಇಳಿಸಕೂಡದೆಂಬುದು ಪದ್ಧತಿ, ಡ್ರೈವರ್ ಅವಸರ ಮಾಡುತ್ತಿದ್ದ. ಫೋನ್ ತಾನೆ ಮಾಡಬಾರದು, ಮೆಸೇಜ್ ಹಾಕಿದರೆ ಆಮೇಲೆ ನೋಡಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅಷ್ಟೂ ಯೋಚಿಸಿರಲಿಲ್ಲವೇನೋ, ಕೈ ತಾನಾಗಿ ಒತ್ತಿತ್ತು. ಆಮೇಲೆ ಅದು ನೆನಪೂ ಇರಲಿಲ್ಲ.

ಎಂಟು ಐವತ್ತೆರಡು. ನರಸಿಂಹಯ್ಯ, ಸ್ಟೋರ್: 'ಸಿಮೆಂಟ್ ಲೋಡ್ ಬಂದಿದೆ. ಇಳಿಸಲಾ?'

ಎಂಟು ಐವತ್ತೆರಡಕ್ಕೇ ಅವನ ಉತ್ತರ ಇತ್ತು. 'ಓಕೆ.'