ಪಟ್ಟಿಯಲ್ಲಿಲ್ಲದ ಊರು

ಉಮರ್ಗಾದ ಕಣ್ಣಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ನೋಂದಣಿ ನನ್ನ ಕೆಲಸ. ಉಮರ್ಗಾ, ನಿಲಂಗಾ, ಉದಗೀರ, ಮೂರೂ ತಾಲ್ಲೂಕಿನವರು ಬರುತ್ತಾರೆ. ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ತರಹ ಟೈಪ್ ಮಾಡಿ ಕೆಡಿಸಿದ್ದರಿಂದ, ಕಂಪ್ಯೂಟರಿನ ಫಾರ್ಮಿನಲ್ಲಿ ನಾನೇ ಎರಡು ಪಟ್ಟಿ ಕೂಡಿಸಿದೆ. ಮೊದಲನೆಯದರಲ್ಲಿ ತಾಲ್ಲೂಕು ಆರಿಸಿದರೆ ಎರಡನೆಯದರಲ್ಲಿ ಆ ತಾಲ್ಲೂಕಿನ ಊರುಗಳಷ್ಟೇ ತೆರೆದುಕೊಳ್ಳಬೇಕು. ಮೂರು ದಿನ ಹೆಣಗಿದೆ. ಉಮರ್ಗಾ ಒತ್ತಿದರೂ ನಿಲಂಗಾದ ಊರುಗಳೇ ಕೂತಿರುತ್ತಿದ್ದವು. ತಾಲ್ಲೂಕು ಬದಲಾದೊಡನೆ ಎರಡನೇ ಪಟ್ಟಿಯನ್ನು ಹೊಸದಾಗಿ ತುಂಬಿಸಬೇಕೆಂದು ತಿಳಿದದ್ದು ಆಮೇಲೆ. ಉಮರ್ಗಾದ ಕೆಳಗೆ ದಾಳಿಂಬ, ಮುರುಮ ಊರುಗಳು ಸರಿಯಾಗಿ ಬಂದ ದಿನ ಎಲ್ಲರಿಗೂ ಚಹಾ ತರಿಸಿದೆ.

ಮರುದಿನ ಮುಂಜಾನೆ ಕಣ್ಣಿಗೆ ಪೊರೆ ಬಂದ ಮುದುಕಿಯೊಬ್ಬಳು ಎದುರು ಕೂತಳು. ತಾಲ್ಲೂಕು ಉಮರ್ಗಾ ಅಂದಳು, ಊರು ಹೇಳಿದಳು. ಮೇಲಿಂದ ಕೆಳಗೆ ಹುಡುಕಿದೆ.

"ಆಯಿ, ಈ ಹೆಸರಿನ ಊರ ಇಲ್ರಿ."

"ಹೌದವ್ವ, ಇಲ್ಲ. ಭೂಕಂಪದಾಗ ಹೋತು."

ತೊಂಬತ್ತಮೂರರ ಆ ಭೂಕಂಪದ ಹೊತ್ತಿಗೆ ನನಗೆ ಆರು ವರ್ಷ. ಬೀದರಿನ ಕಡೆಯ ತವರಿನಲ್ಲಿ ತಾಟುಗಳು ಉರುಳಿದ ಸದ್ದಿಗೆ ಎದ್ದಿದ್ದೆ. ನಮ್ಮ ಮನೆಯಲ್ಲಿ ಬಿದ್ದದ್ದು ಅಷ್ಟೇ.

"ಈಗ ಎಲ್ಲಿರ್ತೀರಿ?"

"ಸರಕಾರ ಕಟ್ಟಿದ ಹೊಸ ಊರಾಗ. ಅದು ಮಲಗೂ ಜಾಗ. ನೀ ಊರು ಕೇಳಿದಿ, ಅದಕ್ಕ ಹೇಳಿದ್ನಿ."

ಹೊಸ ಊರನ್ನೇ ಆರಿಸಿ ಚೀಟಿ ಕೊಟ್ಟೆ. ಆದರೆ ರೊಟ್ಟಿ ಬಡಿಯುವಾಗಲೂ ಆ ಹೆಸರು ಕಿವಿಯಲ್ಲಿತ್ತು. ಎರಡು ದಿನ ತಾಳಿ, ಹಳೆಯ ಊರನ್ನು ಪಟ್ಟಿಗೆ ಸೇರಿಸಿ ಅವಳ ದಾಖಲೆ ತಿದ್ದಿದೆ. ಡಾಕ್ಟರು ಬೈದರು: "ಅಲ್ಲಿ ಯಾರೂ ಇಲ್ಲ. ನಾಳೆ ಈ ಪಟ್ಟಿ ನೋಡಿ ಕಣ್ಣಿನ ಶಿಬಿರ ಯಾರಿಗೆ ಹಾಕೂದು?" ಆದರೂ ನಾನು ಆ ಹೆಸರು ಅಳಿಸಲಿಲ್ಲ.

ಆಪರೇಷನ್ ಆಗಿ, ಬ್ಯಾಂಡೇಜು ಬಿಚ್ಚಿಸಿಕೊಂಡು ಅವಳು ಬಂದಾಗ ಪರದೆ ತೋರಿಸಿದೆ. "ನಿಮ್ಮೂರು ಬರದೀನ್ರಿ." ಓದು ಬಾರದವಳು, ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಇದರಾಗ ಮತ್ತ್ಯಾರ್ಯಾರು ಅದಾರ?"

"ನೀವೊಬ್ಬರೇ, ಆಯಿ."

"ನನ್ನ ಗಂಡ? ಬಾಜೂ ಮನಿಯವರು?"

ಆಕೆ ಪರದೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಓಣಿಯ ಮೊದಲ ಮನೆಯಿಂದ ಒಂದೊಂದೇ ಹೆಸರು ಹೇಳತೊಡಗಿದಳು, ಅವರೆಲ್ಲ ಹೊರಗೆ ಸರದಿಯಲ್ಲಿ ನಿಂತಿರುವ ಹಾಗೆ. ಫಾರ್ಮಿನಲ್ಲಿ ಅವರಿಗೆ ಜಾಗವಿರಲಿಲ್ಲ. ರಿಜಿಸ್ಟರಿನ ಹಿಂಬದಿಗೆ ಪೆನ್ನಿನಿಂದ ಬರೆದುಕೊಂಡೆ. ಮೂರನೇ ಮನೆಯ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲವಂತೆ.

"ಏನಂತ ಬರೀಲಿ?" ಎಂದೆ.

"ಕೂಸು ಅಂತ ಬರಿ," ಅಂದಳು. "ಕರದ್ರ ನಗತಿತ್ತು."