ಎಂಟು ನಿಮಿಷದ ಅಡುಗೆ

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಡ್ಡಿ ಅಕ್ಕ ಎಂದೇ ಕರೆಯುತ್ತಿದ್ದರು. ಆ ದೊಡ್ಡ ಅಂಗಡಿಯ ನೆಲಮಹಡಿಯಲ್ಲಿ, ಹಾಲಿನ ಫ್ರಿಜ್ಜುಗಳಿಗೂ ಐಸಿನಲ್ಲಿಟ್ಟ ತರಕಾರಿಯ ಪೆಟ್ಟಿಗೆಗಳಿಗೂ ನಡುವೆ, ಒಂದು ಕರೆಂಟಿನ ಒಲೆ, ಒಂದು ಬಾಣಲೆ, ಒಂದು ಬಿಳಿ ತಟ್ಟೆ ಇಟ್ಟುಕೊಂಡು ಅವಳು ನಿಲ್ಲುತ್ತಿದ್ದಳು. ಬಟಾಣಿ ಹಿಟ್ಟು, ಸೋಯಾ, ಗೋಧಿಯ ಅಂಟು ಸೇರಿಸಿ ಮಾಡಿದ, ಥೇಟ್ ಮಾಂಸದಂತೆಯೇ ಕಾಣುವ ತುಂಡುಗಳನ್ನು ಹುರಿದು, ಒಂದೊಂದಕ್ಕೂ ಹಲ್ಲುಕಡ್ಡಿ ಚುಚ್ಚಿ, ಹೋಗಿಬರುವವರ ಮುಂದೆ ಚಾಚುವುದು ಅವಳ ಕೆಲಸ. "ಮಾಂಸ ಅಲ್ಲ, ಮಾಂಸದ ಹಾಗೇ. ಒಂದು ತಿಂದು ನೋಡಿ." ಈ ಮಾತನ್ನು ದಿನಕ್ಕೆ ಮುನ್ನೂರು ಸಲ ಹೇಳಿ ಹೇಳಿ ನಿದ್ದೆಯಲ್ಲೂ ಹೇಳುತ್ತಾಳೆಂದು ಅವಳ ಅತ್ತೆ ನಗುತ್ತಿದ್ದರು.

ವಯಸ್ಸು ನಲವತ್ತೇಳು. ಇದಕ್ಕೆ ಮುಂಚೆ ಹದಿನಾಲ್ಕು ವರ್ಷ ಒಂದು ಆಸ್ಪತ್ರೆಯ ಕ್ಯಾಂಟೀನಿನ ಒಳಗೋಡೆಗೆ ಮುಖ ಮಾಡಿ ಅಡುಗೆ ಮಾಡಿದವಳು. ಅಲ್ಲಿ ಅವಳ ಅಡುಗೆಯನ್ನು ತಿಂದವರು ಯಾರೂ ಅವಳ ಮುಖ ಕಂಡಿರಲಿಲ್ಲ. ಮನೆಯಲ್ಲಿ ಮುಖ ಕಾಣುತ್ತಿತ್ತು, ಆದರೆ ತಿನ್ನುವವರ ಕಣ್ಣು ತಟ್ಟೆಯಲ್ಲಿರುತ್ತಿತ್ತು. ಈ ಅಂಗಡಿಯಲ್ಲೇ ಮೊದಲ ಬಾರಿಗೆ ಜನ ಅವಳೆದುರು ನಿಂತು, ಬಾಯಿಗೆ ಹಾಕಿಕೊಂಡು, ಅವಳನ್ನೇ ನೋಡಿ "ಆಹಾ" ಎಂದರು. ಆ "ಆಹಾ" ಅವಳಿಗೆ ಸಂಬಳಕ್ಕಿಂತ ಹೆಚ್ಚೇನಲ್ಲ. ಆದರೆ ಸಂಬಳವನ್ನು ಬೇರೆ ಕಡೆಯೂ ಪಡೆಯಬಹುದಿತ್ತು.

ಮೊದಲ ವರ್ಷ ಸಾಲು ನಿಲ್ಲುತ್ತಿತ್ತು. ಡಾಕ್ಟರು ಮಾಂಸ ಬಿಡಿ ಎಂದಿದ್ದ ಗಂಡಸರು, ಪ್ರಾಣಿಗಳ ಮೇಲಿನ ಕರುಣೆಯಿಂದ ತಾವಾಗಿಯೇ ಬಿಟ್ಟಿದ್ದ ಕಾಲೇಜಿನ ಹುಡುಗಿಯರು, ಇದೇನು ಹೊಸದು ಎಂದು ಬರುವವರು. ಪಕ್ಕದಲ್ಲಿಟ್ಟ ಮಾರಾಟದ ಪ್ಯಾಕೆಟ್ಟುಗಳ ಪೆಟ್ಟಿಗೆ ಸಂಜೆಗೆ ಖಾಲಿ. ಎರಡನೇ ವರ್ಷ ಸಾಲು ತೆಳುವಾಯಿತು. ಮೂರನೆಯ ವರ್ಷಕ್ಕೆ ಜನ ಅವಳ ತಟ್ಟೆಯನ್ನು ಕಂಡು, ದೂರದ ನೆಂಟರನ್ನು ಕಂಡವರಂತೆ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು ದಾಟತೊಡಗಿದರು. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು. ರೇಟು ಜಾಸ್ತಿ. ಹಿಂಬದಿಯಲ್ಲಿ ಬರೆದಿರುವ ಪದಾರ್ಥಗಳ ಪಟ್ಟಿ ರೈಲಿನಷ್ಟು ಉದ್ದ. "ತಿನ್ನೋದಾದ್ರೆ ಮಾಂಸಾನೇ ತಿಂತೀವಿ, ಬಿಡೋದಾದ್ರೆ ಮನೇಲಿ ಕಾಳಿದೆ. ಈ ವೇಷ ಯಾಕಮ್ಮ?" ಎಂದು ಒಬ್ಬ ಅಜ್ಜ ಕೇಳಿದ. ಕೇಳುತ್ತಲೇ ಮೂರು ತುಂಡು ತಿಂದ.

ಬೇರೆ ಅಂಗಡಿಗಳಲ್ಲಿ ಹೀಗೆ ರುಚಿ ತೋರಿಸುವ ಕಟ್ಟೆಗಳು ಒಂದೊಂದಾಗಿ ಮುಚ್ಚಿದವು. ಮುಂದಿನದು ನಿಮ್ಮದೇ ಎಂದು ಬಿಲ್ ಹಾಕುವ ಹುಡುಗಿಯರು ಕಡ್ಡಿ ಅಕ್ಕನನ್ನು ಹೆದರಿಸತೊಡಗಿದರು.

ಆಗ ಅವಳ ಕೈ ಸುಮ್ಮನಿರಲಿಲ್ಲ. ತುಂಡು ತಯಾರಿಸುವ ಕಂಪನಿಯ ನಿಯಮ ಒಂದೇ: ಪ್ಯಾಕೆಟ್ಟಿನ ಮೇಲೆ ಬರೆದಂತೆಯೇ ಮಾಡಬೇಕು. ಒಂದು ಚಮಚ ಎಣ್ಣೆ, ಎಂಟು ನಿಮಿಷ, ಮುಗಿಯಿತು. ಹಾಗೆ ಮಾಡಿದರೆ ತುಂಡು ಹೊರಗೆ ತೊಗಲಿನಂತೆ, ಒಳಗೆ ನೀರು ನೀರು. ಹದಿನಾಲ್ಕು ವರ್ಷ ನೂರಾರು ಜನಕ್ಕೆ ಬೇಯಿಸಿದವಳಿಗೆ ಅದು ಕೈಗೆ ಮುಟ್ಟಿದೊಡನೆ ತಿಳಿಯುತ್ತದೆ. ಹಿಂದಿನ ಸಂಜೆಯೇ ಪ್ಯಾಕೆಟ್ಟುಗಳನ್ನು ಮನೆಗೆ ಒಯ್ದು ಐಸು ಬಿಡಿಸಿದಳು. ಬೆಳಿಗ್ಗೆ ಐದಕ್ಕೆ ಎದ್ದು ತುಂಡುಗಳನ್ನು ಬಟ್ಟೆಯಲ್ಲಿಟ್ಟು ಒಂದೊಂದಾಗಿ ಹಿಂಡಿದಳು. ಜಜ್ಜಿದ ಬೆಳ್ಳುಳ್ಳಿ, ಕರಿಮೆಣಸು, ನಿಂಬೆರಸ ಹಚ್ಚಿ ಒಂದು ಗಂಟೆ ಮುಚ್ಚಿಟ್ಟಳು. ಕಂಪನಿಯ ತೆಳು ಬಾಣಲೆಯನ್ನು ಕಟ್ಟೆಯ ಕೆಳಗಿಟ್ಟು ತನ್ನ ಕಬ್ಬಿಣದ ಬಾಣಲೆಯನ್ನು ಒಲೆಯ ಮೇಲಿಟ್ಟಳು. ಬೆಳ್ಳುಳ್ಳಿ ಸುಲಿದುಕೊಟ್ಟವರು ಅತ್ತೆ. ಐದಕ್ಕೆ ಅವರಿಗೂ ಎಚ್ಚರವಾಗುತ್ತಿತ್ತು.

ಸಾಲು ಮತ್ತೆ ಬಂತು. ತಿಂದು ನೋಡಿದವರ ಸಂಖ್ಯೆಯಲ್ಲಿ ಎಲ್ಲ ಅಂಗಡಿಗಳಿಗಿಂತ ಇದೇ ಮೇಲು ಎಂದು ಕಂಪನಿಯವರು ಅವಳ ಫೋಟೋ ತೆಗೆದು ನೋಟೀಸು ಹಲಗೆಗೆ ಅಂಟಿಸಿದರು. ಅವಳಿಗೆ ಹಿಗ್ಗು. ಒಲೆ ಉಳಿಯಿತು ಎಂದುಕೊಂಡಳು.

ಐದು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಎದುರು ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದು ನಿಂತಳು. ತಟ್ಟೆಗೆ ಕೈ ಹಾಕಲಿಲ್ಲ.

"ಅಕ್ಕಾ, ನಿಜ ಹೇಳಿ. ನನ್ನ ಕೈಯಲ್ಲಿ ಏನು ದೋಷ?"

"ಯಾಕಮ್ಮ, ಏನಾಯ್ತು?"

"ನಾಲ್ಕು ಸಲ ಇದನ್ನ ತಗೊಂಡು ಹೋಗಿದೀನಿ. ನಾಲ್ಕು ಸಲಾನೂ ಚಪ್ಪಲಿ ಅಟ್ಟೆ. ನಮ್ಮನೆಯವರು ಇಲ್ಲಿ ನಿಮ್ಮ ಹತ್ರ ತಿಂದಿದ್ರಲ್ಲ, ಅದೇ ರುಚಿ ಬೇಕು ಅಂತಾರೆ. ಅಂಗಡಿಯವಳು ನಿಂತ ಕಾಲಲ್ಲಿ ಮಾಡೋದು ನಿನಗೆ ಬರಲ್ವಾ ಅಂತಾರೆ. ಮೈದುನ ಬೇರೆ, ಅತ್ತಿಗೆ ಬ್ಲೌಸಿಗೆ ಹಾಕೋ ರಬ್ಬರ್ ಹಾಕಿದಾರೆ ಅಂತ ನಗ್ತಾನೆ." ನಗಿಸಲೆಂದೇ ಹೇಳಿದಂತಿತ್ತು, ಆದರೆ ಹೇಳಿದವಳೇ ನಗಲಿಲ್ಲ. "ಎಣ್ಣೆ ಬದಲಾಯಿಸಿದೆ. ಹೊಸ ಬಾಣಲೆ ತಂದೆ. ಗಡಿಯಾರ ನೋಡ್ಕೊಂಡು ಎಂಟೇ ನಿಮಿಷ ಮಾಡಿದೆ. ಇಪ್ಪತ್ತು ವರ್ಷದಿಂದ ಅಡುಗೆ ಮಾಡ್ತಿದೀನಿ ಅಕ್ಕಾ. ಈಗ ಉಪ್ಪು ಹಾಕೋಕೂ ಇನ್ನೊಬ್ಬರನ್ನ ಕೇಳ್ತೀನಿ."

ಕಡ್ಡಿ ಅಕ್ಕನ ಬಾಯಿಗೆ ನಿಜ ಬಂದಿತ್ತು. ಆದರೆ ಅಂಗಡಿಯ ಸೂಪರ್ವೈಸರು ನಾಲ್ಕು ಮಾರು ದೂರದಲ್ಲಿ ಹಾಲಿನ ಪ್ಯಾಕೆಟ್ಟು ಜೋಡಿಸುತ್ತಿದ್ದ.

"ಬಾಣಲೆ ಚೆನ್ನಾಗಿ ಕಾಯ್ಬೇಕಮ್ಮ, ಅಷ್ಟೇ," ಎಂದಳು.

"ಅಷ್ಟೇನಾ?" ಹೊಲಿಗೆಯವಳು ವಿಧೇಯ ವಿದ್ಯಾರ್ಥಿನಿಯಂತೆ ತಲೆ ಅಲ್ಲಾಡಿಸಿ, ಪೆಟ್ಟಿಗೆಯಿಂದ ಐದನೆಯ ಪ್ಯಾಕೆಟ್ಟು ಎತ್ತಿಕೊಂಡು ಹೋದಳು.

ಆ ಐದನೆಯ ಪ್ಯಾಕೆಟ್ಟು ಕಡ್ಡಿ ಅಕ್ಕನನ್ನು ಚುಚ್ಚಿತು. ಮರುದಿನ ಐದು ಗಂಟೆಗೆ ತುಂಡು ಹಿಂಡುತ್ತ ಅತ್ತೆಗೆ ಎಲ್ಲ ಹೇಳಿದಳು. ಇಂಥ ಮನೆ ಅದೊಂದೇ ಆಗಿರಲಿಕ್ಕಿಲ್ಲ. ದಿನಕ್ಕೆ ಮುನ್ನೂರು ಜನ ಅಂಗಡಿಯಲ್ಲಿ ತಿನ್ನುತ್ತಾರೆ. ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಒಲೆಯ ಮುಂದೆ ನಿಂತು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದಾರೋ!

"ಅಂದ್ರೆ," ಅತ್ತೆ ಬೆಳ್ಳುಳ್ಳಿಯ ಸಿಪ್ಪೆ ಊದಿದರು, "ಕಂಪನಿಯವರು ಫೋಟೋ ಹಾಕಿರೋದು ನನ್ನ ಬೆಳ್ಳುಳ್ಳಿಗೆ ಅನ್ನು."

"ತಮಾಷೆ ಬೇಡ ಅತ್ತೆ. ಹೇಳಿಬಿಡ್ಲಾ?"

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಆಗಷ್ಟೇ ಎದ್ದು ಬಂದು ಚಹಾಕ್ಕೆ ಕುಳಿತಿದ್ದ. "ಹೇಳಿದ್ರೆ ನಿಯಮ ಮುರಿದಿದೀಯ ಅಂತ ಮನೆಗೆ ಕಳಿಸ್ತಾರೆ. ಕೇಳಿದೋರು ಯಾರು? ಸುಮ್ನೆ ಹುರ್ಕೊಂಡಿರು. ಇಷ್ಟಕ್ಕೂ ನೆನೆಸಿಡೋದು ಅಂದ್ರೆ ಅದೇನು ಒಂದು ಕೆಲಸಾನಾ?"

"ಕೆಲಸ ಅಲ್ದಿದ್ರೆ ನಾಳೆ ನೀನೇ ನೆನೆಸು," ಎಂದರು ಅತ್ತೆ. "ನಾನು ಮಲ್ಕೊತೀನಿ, ಅವಳೂ ಮಲ್ಕೊಳ್ಳಲಿ."

ಅವನು ಚಹಾದಲ್ಲಿ ಬಿದ್ದಿಲ್ಲದ ಇರುವೆಯನ್ನು ಹುಡುಕತೊಡಗಿದ. ಅತ್ತೆ ಸೊಸೆಯ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ಈ ಮನೇಲಿ ಅಡುಗೆ ತಾನಾಗಿ ಆಗುತ್ತೆ ಅಂತ ಅಂದ್ಕೊಂಡು ತಿಂದೋರೇ ಎಲ್ಲ. ನೀನು ಈಗ ಊರೆಲ್ಲ ಹಾಗೆ ಅಂದ್ಕೊಳ್ಳೋ ಹಾಗೆ ಮಾಡಿದೀಯ. ಮುಂದಿಂದು ನೀನೇ ನೋಡು."

ಆ ವಾರವೇ ಕಂಪನಿಯಿಂದ ಒಬ್ಬ ಮೇಡಂ ಬಂದಳು. ಮೂವತ್ತರ ಆಸುಪಾಸು, ಕೈಯಲ್ಲಿ ಟ್ಯಾಬು, ಕಾಲಲ್ಲಿ ಶೂ. ಕಟ್ಟೆಯ ಪಕ್ಕದಲ್ಲೇ ನಿಂತು ಅಂಕಿ ತೋರಿಸಿದಳು.

"ವಿಚಿತ್ರ ನೋಡಿ ಅಕ್ಕ. ತಿಂದು ನೋಡಿದೋರು ನಿಮ್ಮಲ್ಲೇ ಎಲ್ಲರಿಗಿಂತ ಜಾಸ್ತಿ. ಅದೇ ಜನ ಎರಡನೇ ಸಲ ಪ್ಯಾಕೆಟ್ ತಗೊಳ್ಳೋದು ನಿಮ್ಮಲ್ಲೇ ಎಲ್ಲರಿಗಿಂತ ಕಮ್ಮಿ. ಇದಕ್ಕೊಂದು ಕಾರಣ ಸಿಗದಿದ್ರೆ ತಿಂಗಳ ಕೊನೆಗೆ ಈ ಕಟ್ಟೆ ಮುಚ್ಚಿ ಅಂತ ಮೇಲಿನೋರು ಹೇಳಿದಾರೆ. ನಿಮಗೇನಾದ್ರೂ ಅನ್ಸುತ್ತಾ?"

ರೇಟು ಎನ್ನಬಹುದಿತ್ತು. ಜನರ ಮನಸ್ಸು ಬದಲಾಯಿತು ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಕಡ್ಡಿ ಅಕ್ಕ ಬಾಣಲೆ ಒರೆಸುತ್ತ ಹೊತ್ತು ಕಳೆದಳು. ಮೇಡಂ ತಟ್ಟೆಯಿಂದ ಒಂದು ತುಂಡು ತಿಂದು ಕಣ್ಣು ಮುಚ್ಚಿದಳು.

"ಎಷ್ಟು ಚೆನ್ನಾಗಿದೆ! ನಾನೂ ಮನೇಲಿ ಮಾಡ್ತೀನಿ, ನನಗೆ ಬರಲ್ಲ ಬಿಡಿ. ಮಾರೋಳಿಗೇ ಮಾಡಕ್ಕೆ ಬರಲ್ಲ ಅಂತ ನಮ್ಮತ್ತೆ ಫೋನಲ್ಲಿ ಎಲ್ಲರಿಗೂ ಹೇಳ್ತಾರೆ."

ಕಡ್ಡಿ ಅಕ್ಕ ಒರೆಸುವ ಬಟ್ಟೆ ಕೆಳಗಿಟ್ಟಳು. ಪೆಟ್ಟಿಗೆಯಿಂದ ಒಂದು ಪ್ಯಾಕೆಟ್ಟು ತೆಗೆದಳು, ಕಟ್ಟೆಯ ಕೆಳಗಿನಿಂದ ಕಂಪನಿಯ ತೆಳು ಬಾಣಲೆ ತೆಗೆದಳು. "ಮೇಡಂ, ನಿಮ್ಮ ಮೊಬೈಲಲ್ಲಿ ಎಂಟು ನಿಮಿಷ ಇಡಿ," ಎಂದಳು. ಇಬ್ಬರೂ ಬಾಣಲೆಯನ್ನೇ ನೋಡುತ್ತ ನಿಂತರು. ಮೊಬೈಲು ಕೂಗಿದಾಗ ತುಂಡನ್ನು ತಟ್ಟೆಗೆ ಹಾಕಿ ಕೊಟ್ಟಳು.

ಮೇಡಂ ಅಗಿದಳು. ಇನ್ನೂ ಅಗಿದಳು. "ಇದು ನಮ್ಮನೇದು!" ಎಂದಳು, ಕಳೆದುಹೋದ ಕೊಡೆ ಸಿಕ್ಕವಳಂತೆ.

"ಎಲ್ಲರ ಮನೇದೂ ಇದೇ. ನಾನು ಕೊಡೋದು ಬೇರೆ." ಐಸು ಬಿಡಿಸುವುದು, ಹಿಂಡುವುದು, ಜಜ್ಜುವುದು, ಮುಚ್ಚಿಡುವುದು, ಎಲ್ಲವನ್ನೂ ಕಡ್ಡಿ ಮುರಿದ ಹಾಗೆ ಹೇಳಿದಳು.

"ಬೆಳಗ್ಗೆ ಐದಕ್ಕೆ? ದಿನಾನಾ? ಯಾರು ಹೇಳಿದ್ರು ಮಾಡಿ ಅಂತ?"

"ಯಾರೂ ಹೇಳ್ಲಿಲ್ಲ. ಮನೇಲೂ ಯಾರೂ ಹೇಳಲ್ಲ, ಮೇಡಂ. ಹಾಗೇ ಆಗುತ್ತೆ."

ಮೇಡಂ ಖಾಲಿ ಪ್ಯಾಕೆಟ್ಟು ಎತ್ತಿಕೊಂಡು ಹಿಂಬದಿ ಓದಿದಳು. ಆಮೇಲೆ, "ಆ ವಿಧಾನಾನೇ ಪ್ಯಾಕೆಟ್ ಮೇಲೆ ಹಾಕಿಬಿಟ್ರೆ?" ಎಂದಳು.

"ಹಾಕಿ. ಎಂಟು ನಿಮಿಷ ಅನ್ನೋದನ್ನ ಅಳಿಸಿ ಒಂದೂವರೆ ಗಂಟೆ ಅಂತ ಹಾಕಿ."

"ಹಾಗೆ ಹಾಕಿದ್ರೆ ಯಾರು ತಗೋತಾರೆ?"

"ದಣಿದು ಬಂದೋರು ಯಾರೂ ತಗೊಳ್ಳಲ್ಲ."

ನಿಯಮ ಮುರಿದದ್ದನ್ನು ವರದಿಯಲ್ಲಿ ಬರೆಯಲೇಬೇಕಾಗುತ್ತದೆ ಎಂದಳು ಮೇಡಂ. ಬರೆಯಿರಿ ಎಂದಳು ಕಡ್ಡಿ ಅಕ್ಕ. ಊಟದ ಬಿಡುವಿನಲ್ಲಿ ಊಟ ಬಿಟ್ಟು ರಸ್ತೆ ದಾಟಿ ಹೊಲಿಗೆ ಅಂಗಡಿಗೆ ಹೋದಳು. ಹೊಲಿಗೆಯವಳು ಮಷೀನು ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಎಲ್ಲ ಕೇಳಿದಳು.

"ಅಡುಗೆಮನೇಲಿ ಈರುಳ್ಳಿ ಹೆಚ್ಚದೇನೇ ಅತ್ತಿದೀನಿ, ಗೊತ್ತಾ ನಿಮಗೆ?" ಎಂದಳು.

"ತಪ್ಪಾಯ್ತಮ್ಮ."

"ನಾಲ್ಕು ದಿನ ನಿಮ್ಮನ್ನ ಚೆನ್ನಾಗಿ ಬೈಕೊತೀನಿ. ಆಮೇಲೆ ನೋಡೋಣ." ಮಷೀನು ಮತ್ತೆ ಓಡಿತು. ಕಡ್ಡಿ ಅಕ್ಕ ಬಾಗಿಲಿಗೆ ಬಂದಾಗ ಹಿಂದಿನಿಂದ ದನಿ ಕೇಳಿತು: "ಅಕ್ಕಾ, ಭಾನುವಾರ ಮನೆಗೆ ಬನ್ನಿ. ಈ ಮಾತನ್ನೇ ನಮ್ಮನೆಯೋರ ಮುಂದೆ ಹೇಳಿ. ನಾನು ಹೇಳಿದ್ರೆ ನೆಪ ಅಂತಾರೆ."

ಹೋದಳು, ಹೇಳಿದಳು. ಗಂಡ, ಮೈದುನ ಇಬ್ಬರೂ ತಲೆ ಕೆರೆದುಕೊಂಡರು. ಹೊಲಿಗೆಯವಳು ಒಳಗೆ ಹೋಗಿ ಬಹಳ ದಿನಗಳ ನಂತರ ಯಾರನ್ನೂ ಕೇಳದೆ ಸಕ್ಕರೆ ಹಾಕಿ ಚಹಾ ಮಾಡಿ ತಂದಳು.

ತಿಂಗಳ ಕೊನೆಗೆ ಕಟ್ಟೆ ಮುಚ್ಚಿತು. ಅವಳ ತಪ್ಪಿಗೆ ಮಾತ್ರವಲ್ಲ, ಉಳಿದಿದ್ದ ಎಲ್ಲ ಅಂಗಡಿಗಳಲ್ಲೂ ಮುಚ್ಚಿದರು. ಆ ಜಾಗದಲ್ಲಿ ಯಾವುದೋ ಪ್ರೋಟೀನ್ ಪುಡಿಯ ಡಬ್ಬಿಗಳು ಗೋಪುರದಂತೆ ನಿಂತವು. ನೋಟೀಸು ಹಲಗೆಯ ಫೋಟೋವನ್ನು ಅವಳೇ ಕಿತ್ತುಕೊಂಡು ಮನೆಗೆ ಹೋದಳು. ಎರಡು ವಾರ ಆರು ಗಂಟೆಯವರೆಗೆ ಮಲಗಿದಳು. ಆ "ಆಹಾ" ಮಾತ್ರ ಕಿವಿಯಲ್ಲಿ ಖಾಲಿ ಜಾಗ ಬಿಟ್ಟಿತ್ತು.

ಮೂರನೆಯ ವಾರ ಮೇಡಂ ಫೋನ್ ಮಾಡಿದಳು. ಕಂಪನಿಯ ಅಡುಗೆಮನೆಯಲ್ಲಿ ಹೊಸ ತುಂಡುಗಳನ್ನು ಮಾಡಿ ನೋಡುವವರೆಲ್ಲ ಕಲಿತ ಬಾಣಸಿಗರು, ಅವರ ಕೈಯಲ್ಲಿ ಯಾವುದೂ ಕೆಡುವುದಿಲ್ಲ. ಮನೆಯಲ್ಲಿ ಮಾಡಿದಂತೆ ಮಾಡುವವರು ಬೇಕು. ವಾರಕ್ಕೆ ಎರಡೇ ದಿನ. ಬರ್ತೀರಾ?

ಬಂದಳು. ಬಿಳಿ ಟೈಲ್ಸಿನ, ಆರು ಒಲೆಗಳ ಅಡುಗೆಮನೆ. ಎತ್ತರದ ಟೋಪಿಯ ಮುಖ್ಯ ಬಾಣಸಿಗ ಕೈಯಲ್ಲಿ ಥರ್ಮಾಮೀಟರು ಹಿಡಿದು ಸ್ವಾಗತಿಸಿದ.

"ಆರೂ ಒಲೆ ನಿಮ್ಮದೇ, ಅಮ್ಮ. ಯಾರೂ ತೊಂದರೆ ಕೊಡಲ್ಲ."

"ಹಾಗಾದ್ರೆ ಇದು ಮನೆ ಅಲ್ಲ ಸಾರ್. ಎರಡೇ ಒಲೆ ಸಾಕು. ಒಂದರ ಮೇಲೆ ಬೇರೆ ಏನಾದ್ರೂ ಕುದೀತಿರಬೇಕು, ಉಕ್ಕೋ ಹಾಗೆ. ಆಮೇಲೆ ನಾನು ತುಂಡು ಹಾಕಿ ನಾಲ್ಕು ನಿಮಿಷ ಆದ್ಮೇಲೆ ನೀವು ಆ ಬಾಗಿಲಿಂದ ಬಂದು, ನನ್ನ ಬನಿಯನ್ ಎಲ್ಲಿ ಅಂತ ಕೇಳ್ಬೇಕು."

"ನಾನಾ?"

"ಇಲ್ಲಿ ಇನ್ಯಾರಿದಾರೆ?"

ಮೇಡಂ ಟ್ಯಾಬಿನ ಹಿಂದೆ ಮುಖ ಮುಚ್ಚಿಕೊಂಡಳು. ಬಾಣಸಿಗ ಹೊರಗೆ ಹೋದ. ನಾಲ್ಕು ನಿಮಿಷಕ್ಕೆ ಸರಿಯಾಗಿ ಬಾಗಿಲು ತೆರೆದು, ಟೋಪಿ ಸರಿಮಾಡಿಕೊಂಡು, ನಾಚಿಕೆಯಿಂದ ಕೇಳಿದ: "ನನ್ನ ಬನಿಯನ್ ಎಲ್ಲಿ?"

"ಹಗ್ಗದ ಮೇಲಿದೆ ನೋಡಿ," ಎಂದಳು ಅವಳು, ಪಕ್ಕದ ಒಲೆಯಲ್ಲಿ ಉಕ್ಕುತ್ತಿದ್ದ ಪಾತ್ರೆಯ ಮುಚ್ಚಳ ಎತ್ತುತ್ತ.

"ಹಗ್ಗದ ಮೇಲಿಲ್ಲ," ಎಂದ ಅವನು, ಈಗ ಪಾತ್ರದೊಳಗೆ ಚೆನ್ನಾಗಿ ಇಳಿದು.

ಅವಳು ತಿರುಗುವಷ್ಟರಲ್ಲಿ ಬಾಣಲೆಯ ತುಂಡುಗಳ ಒಂದು ಮಗ್ಗುಲು ಕಪ್ಪಾಗಿತ್ತು. ಅವುಗಳನ್ನು ತಟ್ಟೆಗೆ ಹಾಕಿ ಮೇಡಂ ಮುಂದೆ ಸರಿಸಿದಳು.

"ಬರ್ಕೊಳ್ಳಿ," ಎಂದಳು.