ಐದನೆಯವಳ ಜಾಗ

ನನ್ನದು ಹುಟ್ಟಾ ಸಂಶಯದ ಬುದ್ಧಿ. ಹಾಲಿನವನ ಕ್ಯಾನಿಗೆ ಬೆರಳದ್ದಿ ನೋಡದೆ ಹಾಲು ಹಾಕಿಸಿಕೊಳ್ಳದ ಮನೆಯಲ್ಲಿ ಬೆಳೆದವಳು. ತೊಂಬತ್ತರ ದಶಕದ ಕೊನೆಯಲ್ಲಿ ಗುಡೇಕೋಟೆ ಕಡೆಯ ಒಂದು ಹಳ್ಳಿ ಶಾಲೆಗೆ ಟೀಚರ್ ಆದಾಗ, ಕೂಡ್ಲಿಗಿಯಿಂದ ದಿನಾ ಬಸ್ಸಿನಲ್ಲಿ ಟಿಫಿನ್ ಡಬ್ಬಿಯ ಜೊತೆಗೆ ಆ ಬುದ್ಧಿಯನ್ನೂ ಒಯ್ಯುತ್ತಿದ್ದೆ.

ನಾಲ್ಕನೇ ತರಗತಿಯ ಹುಡುಗಿಯರ ಸಾಲಿಗೆ ಇದ್ದದ್ದು ಒಂದೇ ಉದ್ದನೆಯ ಗೋಣಿತಟ್ಟು. ಅದರ ಮೇಲೆ ನಾಲ್ವರು ಕೂರುತ್ತಿದ್ದರು. ವರ್ಷದ ನಡುವೆ ಐದನೆಯವಳು ಬಂದಳು. ಅವಳ ಅಪ್ಪ ಅವ್ವ ಕಾಫಿ ತೋಟದ ಕೂಲಿಗೆ ಹೋಗಿ, ಮಗಳನ್ನು ಅಲ್ಲೊಂದು ಇಲ್ಲೊಂದು ಶಾಲೆಗೆ ಹಾಕಿ, ಬಿಡಿಸಿ, ಊರಿಗೆ ಮರಳಿದ್ದರು. ಸೇರಿಸಲು ಬಂದ ಅವ್ವ ನನಗೆ ಮುಖದ ಮೇಲೇ ಹೇಳಿದಳು: "ಇದಾ ಕಡೀ ಸಲ ನೋಡ್ರಿ ಟೀಚರ್. ಕುಂತು ಕಲತ್ರ ಕಲೀಲಿ. ಇಲ್ಲಾಂದ್ರ ಕುರಿ ಹಿಂದ ಕಳಸ್ತೀನಿ."

ಕೂರಲು ಜಾಗ ಕೊಡುವವರು ಯಾರು? ನಾಲ್ವರೂ ಮೊಣಕಾಲು ಅಗಲಿಸಿ ಕೂತುಬಿಟ್ಟರು. ಅವಳ ತಲೆಯಲ್ಲಿ ಹೇನು ಎಂದಳು ಒಬ್ಬಳು. ಹೇನು ಆ ನಾಲ್ವರ ತಲೆಯಲ್ಲೂ ಇತ್ತು, ನಾನೇ ನೋಡಿದ್ದೆ. ಹೊಸ ಹುಡುಗಿ ಬಾಗಿಲ ಕಡೆಯ ತುದಿಯಲ್ಲಿ, ಅರ್ಧ ತಟ್ಟಿನ ಮೇಲೆ ಅರ್ಧ ನೆಲದ ಮೇಲೆ ಕೂತಳು.

ಆಗ ಭಿನ್ನರಾಶಿಯ ಪಾಠ ನಡೆಯುತ್ತಿತ್ತು. ನಾಲ್ಕನೇ ಒಂದು ದೊಡ್ಡದೋ ಐದನೇ ಒಂದು ದೊಡ್ಡದೋ ಎಂದು ಕೇಳಿದರೆ ಇಡೀ ಕ್ಲಾಸು ಐದನೇ ಒಂದು ಎಂದು ಕೂಗುತ್ತಿತ್ತು. ನಾಲ್ಕಕ್ಕಿಂತ ಐದು ದೊಡ್ಡದಲ್ಲವೆ! ಬೋರ್ಡಿನ ಮೇಲೆ ಸಂಖ್ಯಾರೇಖೆ ಎಳೆದೂ ಎಳೆದೂ ಸಾಕಾಗಿ, ಸಿಟ್ಟಿನಲ್ಲಿ ಆ ತಟ್ಟನ್ನೇ ಸಂಖ್ಯಾರೇಖೆ ಮಾಡಿದೆ. ಗೋಡೆ ಕಡೆಯ ತುದಿ ಸೊನ್ನೆ, ಬಾಗಿಲ ಕಡೆಯ ತುದಿ ಒಂದು. ಒಂದು ಅಂಚಿನಲ್ಲಿ ನಾಲ್ಕು ಸಮಭಾಗಕ್ಕೆ ನೀಲಿ ದಾರ, ಇನ್ನೊಂದು ಅಂಚಿನಲ್ಲಿ ಐದು ಸಮಭಾಗಕ್ಕೆ ಕೆಂಪು ದಾರ ಪೋಣಿಸಿದೆ. ಮೊದಲು ನಾಲ್ವರನ್ನೇ ನೀಲಿ ದಾರಗಳ ನಡುವೆ ಕೂರಿಸಿದೆ. ಆಮೇಲೆ ಐವರನ್ನೂ ಕೆಂಪು ದಾರಗಳ ನಡುವೆ ಕೂರಿಸಿದೆ. ಮೊಣಕಾಲಿಗೆ ಮೊಣಕಾಲು ತಾಗಿದ್ದೇ ತಡ, ನಾಲ್ಕನೆಯ ಜಾಗದಲ್ಲಿದ್ದ ದೊಡ್ಡಮನೆಯ ಹುಡುಗಿ ಕಿರುಚಿದಳು: "ನಾಕರಾಗ ಒಂದ ದೊಡ್ಡದೈತ್ರೀ! ಐದರಾಗಿಂದು ಸಣ್ಣದಾತು!"

ಹೊಟ್ಟೆಕಿಚ್ಚಿನಿಂದಲಾದರೂ ಪಾಠ ತಲೆಗೆ ಹೋಯಿತಲ್ಲ ಎಂದು ನನಗೆ ಖುಷಿ. ಇನ್ನು ಮೇಲೆ ಎಲ್ಲರೂ ಕೆಂಪು ದಾರದ ಪ್ರಕಾರವೇ ಕೂರಬೇಕು ಎಂದು ಕಟ್ಟುನಿಟ್ಟು ಮಾಡಿದೆ.

ಆ ವಾರವೇ ನಾಲ್ಕನೇ ಮೂರು ಮತ್ತು ಐದನೇ ನಾಲ್ಕನ್ನು ಹೋಲಿಸಲು ಹೋದೆ. ಐದನೇ ನಾಲ್ಕು ತುಸುವೇ ಮುಂದಿರಬೇಕು. ನೋಡಿದರೆ ಕೊನೆಯ ಕೆಂಪು ದಾರ ಬಾಗಿಲ ಹತ್ತಿರಕ್ಕೇ ಹೋಗಿದೆ! ಕಡ್ಡಿಯಿಟ್ಟು ಅಳೆದೆ. ಐದನೆಯ ಪಾಲು ಉಳಿದವುಗಳ ಅರ್ಧದಷ್ಟೂ ಇರಲಿಲ್ಲ. ಸರಿಯಾಗಿ ಪೋಣಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಮತ್ತೆ ಅದೇ.

ಇದರಿಂದ ಲಾಭ ಯಾರಿಗೆ? ದೊಡ್ಡಮನೆಯವಳಿಗೆ. ಅವಳ ಉಗುರಿನಲ್ಲಿ ಗೋಣಿಯ ನಾರು ಸಿಕ್ಕಿದೆಯೇ ಎಂದು ನೋಡಿದೆ. ಪಾಟೀಚೀಲದಲ್ಲಿ ಸೂಜಿ ಇದೆಯೇ ಎಂದು ತಡಕಿದೆ. "ಅವ್ವನಾಣಿ, ನಾ ಮುಟ್ಟಿಲ್ರಿ" ಎಂದು ಕಣ್ಣು ತುಂಬಿಕೊಂಡಳು. ಆಣೆ ಹಾಕುವವರ ಮೇಲೆ ನನಗೆ ಸಂಶಯ ಇನ್ನೂ ಜಾಸ್ತಿ.

ಒಂದು ದಿನ ಮೊದಲ ಬಸ್ಸಿಗೇ ಹೋದೆ. ಚಪ್ಪಲಿ ಕೈಯಲ್ಲಿ ಹಿಡಿದು ಕಿಟಕಿಯ ಹೊರಗೆ ನಿಂತೆ. ಒಳಗೆ ಪೊರಕೆಯನ್ನು ಗೋಡೆಗೆ ಒರಗಿಸಿ ಐದನೆಯವಳು ತಟ್ಟಿನ ಮೇಲೆ ಬಗ್ಗಿದ್ದಳು. ಜಾಲಿಮುಳ್ಳಿನಿಂದ ಕೆಂಪು ದಾರವನ್ನು ಎತ್ತಿ, ಬಾಗಿಲ ಕಡೆಗೆ ಸರಿಸಿ ಪೋಣಿಸುತ್ತಿದ್ದಳು. ತನ್ನ ಜಾಗವನ್ನು ತಾನೇ ಸಣ್ಣದು ಮಾಡಿಕೊಳ್ಳುತ್ತಿದ್ದಳು.

"ಏನ್ ಮಾಡಾಕತ್ತೀ?" ಎಂದೆ. ಬೆಚ್ಚಿಬಿದ್ದಳು, ಮುಳ್ಳನ್ನು ಮಾತ್ರ ಬಿಡಲಿಲ್ಲ.

"ನನಗ ಇಷ್ಟ ಸಾಕ್ರಿ ಟೀಚರ್."

"ಸಮ ಇರಲಿಲ್ಲಂದ್ರ ಅದು ಐದನೇ ಒಂದು ಹೆಂಗಾಕ್ಕೈತಿ?"

"ಸಮ ತಗಂಡ್ರ ಇವರು ಸಿಟ್ಟಾಗ್ತಾರ್ರಿ. ಮೊದಲಿನ ಸಾಲ್ಯಾಗೂ ಹಂಗಾ ಆತು. ಮೊದ್ಲು ತುದಿಗೆ ಕುಂದ್ರಿಸಿದ್ರು, ಆಮ್ಯಾಲೆ ಬಾಗ್ಲತ್ರ, ಆಮ್ಯಾಲೆ ಹೊರಗ. ಸಣ್ಣ ಜಾಗ ಇದ್ರ ಯಾರೂ ಎಬ್ಬಸಂಗಿಲ್ರಿ."

ನಾನು ಒಬ್ಬಳನ್ನು ಹಿಡಿಯಲು ಹೊಂಚು ಹಾಕುತ್ತಿದ್ದೆ. ಈ ಪುಟ್ಟ ಹುಡುಗಿ ಇಡೀ ಶಾಲೆಯನ್ನೇ, ನನ್ನನ್ನೂ ಸೇರಿಸಿ, ಅನುಮಾನದಿಂದ ನೋಡುತ್ತಿದ್ದಳು.

ಬಾಗಿಲಿಗೆ ಬಳಿದು ಉಳಿದಿದ್ದ ನೀಲಿ ಪೇಂಟು ಶಾಲೆಯ ಮೂಲೆಯಲ್ಲಿತ್ತು. ಆ ದಿನವೇ ತಟ್ಟನ್ನು ಅಂಗಳಕ್ಕೆ ತಂದು ಹಾಸಿದೆ. ಆಮೇಲೆ ತಕರಾರು ಬೇಡವೆಂದು ದೊಡ್ಡಮನೆಯವಳ ಕೈಗೇ ಕಡ್ಡಿ ಕೊಟ್ಟು ಐದೂ ಪಾಲು ಅಳೆಸಿದೆ. ಅವಳು ಮೂತಿ ಉಬ್ಬಿಸಿಕೊಂಡೇ "ಸಮ ಐತ್ರಿ" ಎಂದಳು. ಅವಳು ತೋರಿಸಿದಲ್ಲೇ ಗೆರೆ ಎಳೆದೆ.

ಮರುದಿನಕ್ಕೆ ಪೇಂಟು ಒಣಗಿತ್ತು. ಐದನೆಯವಳು ಎಲ್ಲರಿಗಿಂತ ಮೊದಲು ಬಂದಿದ್ದಳು. ನಾನು ನೋಡುತ್ತಿದ್ದೇನೆಂದು ಗೊತ್ತಿದ್ದರೂ ಬೆರಳಿಗೆ ಉಗುಳು ಹಚ್ಚಿ ತನ್ನ ಗೆರೆಯನ್ನು ಉಜ್ಜಿದಳು. ಉಗುರಿನಿಂದ ಕೆರೆದಳು. ಜಾಲಿಮುಳ್ಳು ತೆಗೆದು ಗೀರಿದಳು.

"ಯಾರು ಅಳಿಸಿದ್ರೂ ಹೋಗಂಗಿಲ್ಲೇನ್ರಿ?"

"ಹೋಗಂಗಿಲ್ಲ."

"ನೀವು ಅಳಿಸಿದ್ರೂ?"

"ನಾ ಅಳಿಸಿದ್ರೂ ಹೋಗಂಗಿಲ್ಲ."

ಅವಳು ಮುಳ್ಳನ್ನು ಕಿಟಕಿಯಾಚೆ ಎಸೆದಳು. ಗೆರೆಯಿಂದ ತಟ್ಟಿನ ತುದಿಯವರೆಗೂ ಮೊಣಕಾಲು ಅಗಲಿಸಿ, ಚಕ್ಕಳಮಕ್ಕಳ ಹಾಕಿ ಕೂತಳು.